ಮುಂದೆ ಎಂಡಿಎಸ್ ಮಾಡುವ ಆಸೆ ಇದ್ದರೆ ಬಿಡಿಎಸ್ ಕಾಲೇಜು ಹೀಗೆ ನೋಡಿ

ಮೈಸೂರಲ್ಲಿ ಬಿಡಿಎಸ್ (ಹಲ್ಲಿನ ಡಾಕ್ಟರ್ ಓದು; ಅದರ ಮುಂದಿನ ಸ್ನಾತಕೋತ್ತರ ಓದು ಎಂಡಿಎಸ್) ಸೇರುವ ಮೊದಲು, ರಜೆ ಇಲ್ಲದ ಒಂದು ದಿನ ಬೆಳಿಗ್ಗೆ ಆ ಕಾಲೇಜಿನ ಓಪಿಡಿಯಲ್ಲಿ (ಹೊರರೋಗಿ ವಿಭಾಗದಲ್ಲಿ) ಚೀಟಿ ಮಾಡಿಸಿ, ಹಲ್ಲು ಕ್ಲೀನ್ ಮಾಡಿಸಿಕೊಳ್ಳಿ. ಕೆಲಸ ಮಾಡುವ ಇಂಟರ್ನ್‌ಗೆ ಎರಡೇ ಪ್ರಶ್ನೆ ಕೇಳಿ: ರೂಟ್ ಕೆನಾಲ್ ನಿಮ್ಮ ಕೈಗೂ ಸಿಗುತ್ತಾ, ಇಲ್ಲಾ ಎಲ್ಲ ಪಿಜಿಗಳ (ಅಲ್ಲೇ ಎಂಡಿಎಸ್ ಓದುವವರ) ಪಾಲಾ? ಹಿಂದಿನ ಬ್ಯಾಚಿನ ಇಂಟರ್ನ್‌ಶಿಪ್ ಯಾವ ತಿಂಗಳು ಮುಗಿಯಿತು? ಎರಡನೆಯದೇ ಮುಖ್ಯ. ಎಂಡಿಎಸ್ ಪ್ರವೇಶ ಪರೀಕ್ಷೆಯಾದ ನೀಟ್ ಎಂಡಿಎಸ್ ಬರೆಯಲು ನಿಗದಿತ ದಿನಾಂಕದೊಳಗೆ ಇಂಟರ್ನ್‌ಶಿಪ್ ಮುಗಿದಿರಬೇಕು. ಕಾಲೇಜಿನ ಪರೀಕ್ಷೆಗಳು ತಡವಾದರೆ ಓದಿದ ಮಕ್ಕಳಿಗೂ ಸುಮ್ನೆ ಒಂದು ವರ್ಷ ಹೋಗುತ್ತದೆ. ಎಂಡಿಎಸ್ ಸೀಟು ಸಿಗುವುದು ರ‍್ಯಾಂಕ್ ಮೇಲೆ, ಬಿಡಿಎಸ್ ಕಾಲೇಜಿನ ಹೆಸರಿಗೆ ಅಲ್ಲಿ ಒಂದು ಅಂಕವೂ ಇಲ್ಲ. ಹಾಗಾಗಿ ಹೆಸರಿಗೆಂದು ಜಾಸ್ತಿ ಫೀಸ್ ಕಟ್ಟುವ ಬದಲು ಆ ದುಡ್ಡು ಎಂಡಿಎಸ್‌ಗೆ ಉಳಿಸಿ, ಅದರಲ್ಲೂ ಆರ್ಥೊ (ವಕ್ರ ಹಲ್ಲು ಸರಿಪಡಿಸುವ ವಿಭಾಗ) ಕಡೆ ಮನಸ್ಸಿದ್ದರೆ. ಎಂಡಿಎಸ್ ಇರುವ ಕಾಲೇಜೇ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ಅರ್ಧ ನಿಜ. ವಿಭಾಗಗಳ ಪರಿಚಯ ಚೆನ್ನಾಗಿ ಆಗುತ್ತದೆ, ಆದರೆ ಕಷ್ಟದ ಕೇಸ್‌ಗಳು ಪಿಜಿಗಳ ಕಡೆ ಹೋಗಿಬಿಡಬಹುದು. ಅಂದಹಾಗೆ, ಮೈಸೂರಿನ ಜೆಎಸ್‌ಎಸ್ ಡೆಂಟಲ್ ಕಾಲೇಜು ಡೀಮ್ಡ್ ವಿಶ್ವವಿದ್ಯಾಲಯದ್ದು ಆದ್ದರಿಂದ ಅಲ್ಲಿನ ಬಿಡಿಎಸ್ ಸೀಟು ಕೇಂದ್ರದ ಎಂಸಿಸಿ ಕೌನ್ಸೆಲಿಂಗ್‌ನಲ್ಲಿ, ಫಾರೂಕಿಯಾ ಡೆಂಟಲ್ ಕಾಲೇಜಿನದ್ದು ರಾಜ್ಯದ ಕೆಇಎಯಲ್ಲಿ. ಎರಡೂ ಕಡೆ ಬೇರೆ ಬೇರೆ ರಿಜಿಸ್ಟರ್ ಮಾಡಬೇಕು. ಇನ್ನು, ಕಾಲೇಜು ನೋಡಲು ರಜೆ ಅಥವಾ ಪರೀಕ್ಷೆ ಸಮಯದಲ್ಲಿ ಹೋದರೆ ಓಪಿಡಿ ನೋಡಿ ಏನೂ ತಿಳಿಯುವುದಿಲ್ಲ. ಮಗ, ಮಗಳು ಅಮೆರಿಕಕ್ಕೆ ಹೋಗುವ ಯೋಚನೆಯಲ್ಲಿದ್ದರೆ ಈ ಲೆಕ್ಕ ನಡೆಯಲ್ಲ, ಅಲ್ಲಿ ಬಿಡಿಎಸ್ ಅಂಕಗಳನ್ನೂ ಪ್ರೊಫೆಸರ್‌ಗಳ ಶಿಫಾರಸು ಪತ್ರವನ್ನೂ ನೋಡುತ್ತಾರೆ.