ಇಬ್ಬನಿಗೆ ನೆನೆಯದೆ ಕಾಫಿ ಕಣದಲ್ಲಿ ಮಲಗಿದ್ದು: ನನ್ನ ಅನುಭವ

ಕೊಡಗಿನ ಚಳಿಗಾಲದಲ್ಲಿ ಟೆಂಟ್ ಇಲ್ಲದೆ ಬಯಲಲ್ಲಿ ಮಲಗುವುದು ಆಗದ ಮಾತು ಎಂದು ನನ್ನ ಜೊತೆ ಚಾರಣಕ್ಕೆ ಬರುವವರೆಲ್ಲ ಹೇಳುತ್ತಿದ್ದರು. ಇಬ್ಬನಿಯಲ್ಲಿ ತೊಯ್ದು ತೊಪ್ಪೆಯಾಗುತ್ತೀಯ ಎನ್ನುವುದು ಅವರ ವಾದ. ಆಗುತ್ತದೆ ಎಂದು ನಾನು ಈಗ ಧೈರ್ಯವಾಗಿ ಹೇಳಬಲ್ಲೆ. ಸೋಮವಾರಪೇಟೆ ಕಡೆಯ ತೋಟವೊಂದರ ಕಾಫಿ ಕಣದಲ್ಲಿ, ಅಂದರೆ ಕಾಫಿ ಒಣಗಿಸುವ ಸಿಮೆಂಟ್ ಅಂಗಳದಲ್ಲಿ, ನಕ್ಷತ್ರ ನೋಡಲೆಂದು ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳಲ್ಲಿ, ಮುಖದ ಮೇಲೆ ಬರೀ ಆಕಾಶ ಇಟ್ಟುಕೊಂಡು ಬೆಚ್ಚಗೆ ಮಲಗಿ ಎದ್ದಿದ್ದೇನೆ.

ಜಾಗ ಸಿಗುವುದೇ ಕಷ್ಟವಾಗಿತ್ತು. ತಡಿಯಂಡಮೋಳ್, ಪುಷ್ಪಗಿರಿಯ ನೆತ್ತಿಯಲ್ಲಿ ರಾತ್ರಿ ತಂಗಲು ಅರಣ್ಯ ಇಲಾಖೆ ಬಿಡುವುದಿಲ್ಲ. ಸಿದ್ದಾಪುರ, ಅಮ್ಮತ್ತಿ ಕಡೆ ತೋಟದೊಳಗೇ ಆನೆ ಓಡಾಡುತ್ತದೆ; ಅಲ್ಲಿ ನೆಲದ ಮೇಲೆ ಮಲಗುವ ಯೋಚನೆಯನ್ನೇ ಮಾಡಬೇಡಿ. ಕೊಯ್ಲಾದ ಗದ್ದೆ ನೋಡಲು ಚೆಂದ, ಆದರೆ ಸುತ್ತಲಿನ ಚಳಿಯೆಲ್ಲ ಇಳಿದು ಬಂದು ನಿಲ್ಲುವುದು ಅಲ್ಲಿಯೇ. ಒಂದು ರಾತ್ರಿ ಗದ್ದೆಯಲ್ಲೊಂದು, ಗುಡ್ಡದ ಮಧ್ಯದಲ್ಲಿದ್ದ ಕಣದಲ್ಲೊಂದು ಥರ್ಮಾಮೀಟರ್ ಇಟ್ಟು ನೋಡಿದೆ. ಬೆಳಗಿನ ಜಾವ ನಾಲ್ಕೈದು ಡಿಗ್ರಿ ವ್ಯತ್ಯಾಸವಿತ್ತು. ಗದ್ದೆ ಮಂಜಿನಲ್ಲಿ ಮುಳುಗಿತ್ತು, ಕಣದ ಮೇಲೆ ನಕ್ಷತ್ರಗಳಿದ್ದವು.

ಇಬ್ಬನಿಗೆ ಉಪಾಯ ಸಿಗುವ ಮೊದಲು ಕಳೆದುಕೊಂಡ ದುಡ್ಡು ಕಡಿಮೆಯಲ್ಲ. ಸುಮಾರು 4,000 ರೂಪಾಯಿಯ ಸ್ಲೀಪಿಂಗ್ ಬ್ಯಾಗ್‌ನ ಮೇಲ್ಪದರ ರಾತ್ರಿ ಎರಡರ ಹೊತ್ತಿಗೆ ಒದ್ದೆ. ಅದರ ಮೇಲೆ ಹಾಕಲೆಂದು ಆರು ಸಾವಿರದ ಹತ್ತಿರ ಕೊಟ್ಟು ತರಿಸಿದ ಜಲನಿರೋಧಕ ಚೀಲದಲ್ಲಿ ಹೊರಗಿನ ನೀರು ಬರಲಿಲ್ಲ, ನನ್ನ ಉಸಿರೇ ಒಳಗೆ ನೀರಾಗಿ ಇಳಿಯಿತು. ಟಾರ್ಪಾಲಿನ್ ಹೊದ್ದರೂ ಅದೇ ಕಥೆ. ಸಿಲ್ವರ್ ಓಕ್ ಮರಗಳ ನಡುವೆ ಜೋಲಿ ಕಟ್ಟಿದಾಗ ಇಬ್ಬನಿ ಬಹಳ ಕಡಿಮೆಯಾಯಿತು. ಆದರೆ ಆಕಾಶವೂ ಅಷ್ಟೇ ಕಡಿಮೆ. ಎಲೆ ನೋಡಲು ಅಷ್ಟು ದೂರ ಹೋಗಬೇಕೇ?

ದಾರಿ ತೋರಿಸಿದ್ದು ಸ್ಟೀಲ್ ತಟ್ಟೆಗಳು. ತೋಟದ ಮನೆಯಿಂದ ಏಳೆಂಟು ಊಟದ ತಟ್ಟೆ ಕೇಳಿ ಪಡೆದು ಕಣದ ತುಂಬ ಹರಡಿಟ್ಟೆ. ಬೆಳಿಗ್ಗೆ ನಡುಕಣದ ತಟ್ಟೆಗಳಲ್ಲಿ ಬೆರಳಿನಿಂದ ಬರೆಯುವಷ್ಟು ನೀರು. ಗೋದಾಮಿನ ಗೋಡೆಯಿಂದ ಮೂರಡಿ ದೂರದಲ್ಲಿದ್ದದ್ದು, ಮೇಲೆ ಸೂರಿಲ್ಲದಿದ್ದರೂ, ಹೆಚ್ಚುಕಡಿಮೆ ಒಣಗಿತ್ತು. ಬಿಸಿಲು ಕುಡಿದ ಗೋಡೆ ರಾತ್ರಿಯಿಡೀ ಆ ಶಾಖವನ್ನು ಬಿಡುತ್ತದೆ, ಅರ್ಧ ಆಕಾಶವನ್ನೂ ಮರೆಮಾಡಿ ಪಕ್ಕದ ವಸ್ತುಗಳ ಶಾಖ ಮೇಲಕ್ಕೆ ಹೋಗುವುದನ್ನು ಕಡಿಮೆ ಮಾಡುತ್ತದೆ; ಅಷ್ಟು ತಣಿಯದ ಕಡೆ ಇಬ್ಬನಿಯೂ ಕಡಿಮೆ. ಆ ಕಣದ ಪುಣ್ಯವೆಂದರೆ ಗೋದಾಮು ಇರುವುದು ಉತ್ತರಕ್ಕೆ, ದಕ್ಷಿಣ ಪೂರ್ತಿ ತೆರೆದಿದೆ.

ಹಾಸಿಗೆ ಹೀಗೆ: ಕೆಳಗೆ ಟಾರ್ಪಾಲಿನ್, ಅದರ ಮೇಲೆ ಕಾಫಿಯ ಗೋಣಿಚೀಲಗಳು, ಫೋಮ್ ಚಾಪೆ, ಸ್ಲೀಪಿಂಗ್ ಬ್ಯಾಗ್, ಎಲ್ಲಕ್ಕೂ ಮೇಲೆ ಚಳ್ಳಕೆರೆ ಕಡೆಯ ಕುರಿ ಉಣ್ಣೆಯ ಕರಿ ಕಂಬಳಿ. ಒರಟು ಕಂಬಳಿಯೇ ಆಗಬೇಕು, ಅಂಗಡಿಯ ನುಣುಪು ಬ್ಲಾಂಕೆಟ್ ಕೆಲಸಕ್ಕೆ ಬಾರದು. ಇಬ್ಬನಿ ಉಣ್ಣೆಯ ತುದಿಗಳಲ್ಲೇ ಸಾಸಿವೆಯಂತೆ ನಿಲ್ಲುತ್ತದೆ, ಬೆವರಿನ ಆವಿ ಮಾತ್ರ ಹೊರಗೆ ಹೋಗುತ್ತದೆ. ನನಗೆ ಸಾವಿರದ ಐನೂರರ ಆಸುಪಾಸಿನಲ್ಲಿ ಸಿಕ್ಕಿತು. ಕಂಬಳಿಯ ಅಂಚನ್ನು ಭುಜದ ಬಳಿ ಹೇಗೆ ಮಡಚುತ್ತೇನೆ, ಮಧ್ಯರಾತ್ರಿ ಒಮ್ಮೆ ಎದ್ದು ಏನು ಮಾಡುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕಾಗಿ ತುಂಬಾ ಚಳಿ ತಿಂದಿದ್ದೇನೆ.

ದಕ್ಷಿಣ ನೋಡಲು ಉತ್ತರಕ್ಕೆ ತಲೆ ಹಾಕುವುದು ಸಲೀಸು. ತೋಟದ ಮನೆಯ ಅಜ್ಜಿ ಒಪ್ಪಲಿಲ್ಲ. “ನಮ್ಮ ಕಣದಲ್ಲಿ ಹಾಗೆ ಮಲಗುವುದು ಬೇಡ ಮಗೂ” ಎಂದರು. ಪೂರ್ವಕ್ಕೆ ತಲೆ ಹಾಕಿ ಗೋಡೆಗೆ ಸಮನಾಗಿ ಮಲಗಿದೆ. ಅದೇ ಒಳ್ಳೆಯದಾಯಿತು, ಮೈಯುದ್ದಕ್ಕೂ ಗೋಡೆಯ ಶಾಖ ಸಿಕ್ಕಿತು, ಎಡಮಗ್ಗುಲಾದರೆ ಅಗಸ್ತ್ಯ ನಕ್ಷತ್ರ. ಫೆಬ್ರವರಿ ಆರಂಭದಲ್ಲಿ ರಾತ್ರಿ ಹತ್ತರ ಹೊತ್ತಿಗೆ ಅದು ದಕ್ಷಿಣದಲ್ಲಿ 25 ಡಿಗ್ರಿ ಎತ್ತರಕ್ಕೆ ಬಂದಿರುತ್ತದೆ, ಅದಕ್ಕಿಂತ ಪ್ರಕಾಶಮಾನವಾದ ಲುಬ್ಧಕ ಇನ್ನೂ ಮೇಲೆ. ಕಾವೇರಿಯ ನಾಡಿನಲ್ಲಿ ಮಲಗಿ ಅಗಸ್ತ್ಯನನ್ನು ನೋಡುವ ಸುಖ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಅಲಾರಂ ಇಡುತ್ತೇನೆ. ಆಗ ದಕ್ಷಿಣದಲ್ಲಿ ತ್ರಿಶಂಕು (ಸದರ್ನ್ ಕ್ರಾಸ್) ನಕ್ಷತ್ರಪುಂಜ ನೆಟ್ಟಗೆ ನಿಂತಿರುತ್ತದೆ. ಎತ್ತರ ಹದಿನೇಳು ಹದಿನೆಂಟು ಡಿಗ್ರಿ ಅಷ್ಟೇ, ಎದುರಿಗೆ ಬೆಟ್ಟವಿದ್ದರೆ ಕಾಣದು. ಐದರ ಹೊತ್ತಿಗೆ ಆಗ್ನೇಯದಲ್ಲಿ ಆಕಾಶಗಂಗೆಯ ದಟ್ಟ ಭಾಗ ಏಳುತ್ತದೆ. ಮೊಬೈಲ್ ಮುಟ್ಟಬೇಡಿ, ಕಣ್ಣು ಮತ್ತೆ ಕತ್ತಲಿಗೆ ಹೊಂದಲು ಅರ್ಧ ಗಂಟೆ ಬೇಕು. ನನ್ನ ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿದ್ದೇನೆ.

ಜನವರಿ, ಫೆಬ್ರವರಿ ಕಾಫಿ ಒಣಗಿಸುವ ಕಾಲ, ಕಣ ಖಾಲಿ ಇರುತ್ತದೆಯೇ ಎಂದು ಕೇಳಬಹುದು. ಸಂಜೆ ಕಾಫಿಯನ್ನು ರಾಶಿ ಮಾಡಿ ಮುಚ್ಚುತ್ತಾರೆ, ಜಾಗ ಉಳಿಯುತ್ತದೆ. ಕಳ್ಳರ ಭಯಕ್ಕೆ ಕಣ ಕಾಯುವವರು ಹೇಗೂ ಇರುತ್ತಾರೆ. ಇನ್ನೊಬ್ಬ ಮಲಗಿದರೆ ಯಜಮಾನರಿಗೆ ಸಂತೋಷವೇ. ಊಟ ಸೇರಿ ರಾತ್ರಿಗೆ ಆರೇಳು ನೂರು ಕೊಡುತ್ತೇನೆ. ಸಿಮೆಂಟ್ ನೆಲವಾದ್ದರಿಂದ ಉಣುಗಿನ ಕಾಟವೂ ಇಲ್ಲ. ಫೆಬ್ರವರಿ ಕೊನೆಯಿಂದ ಹೂಮಳೆಯ, ಅಂದರೆ ಕಾಫಿ ಹೂ ಅರಳಿಸುವ ಮಳೆಯ, ಮೋಡ ಕಟ್ಟಲು ಶುರುವಾಗುತ್ತದೆ. ತೋಟದವರು ಆ ಮಳೆಗೇ ಕಾಯುತ್ತಿರುತ್ತಾರೆ, ನನಗೆ ಮಾತ್ರ ಆಕಾಶ ಮುಚ್ಚಿಹೋಗುತ್ತದೆ, ಹಾಗಾಗಿ ನಾನು ಅಷ್ಟರೊಳಗೆ ಹೋಗಿ ಬಂದುಬಿಡುತ್ತೇನೆ.