ಆಸ್ಪತ್ರೆಯ ರಿಸೆಪ್ಷನ್ ಕೆಲಸಕ್ಕೆ ಸೇರುವವರಿಗೆ

ದಾವಣಗೆರೆಯ ಒಂದು ನರ್ಸಿಂಗ್ ಹೋಮಿನ ರಿಸೆಪ್ಷನ್‌ನಲ್ಲಿ ನಾನು 14 ವರ್ಷಗಳಿಂದ ಇದ್ದೇನೆ. ಹೊಸದಾಗಿ ಸೇರುವವರು ಕಂಪ್ಯೂಟರ್‌ಗೆ ಹೆದರಿಕೊಂಡೇ ಬರುತ್ತಾರೆ. ಬಿಲ್ಲಿಂಗ್ ಸಾಫ್ಟ್‌ವೇರ್ ಒಂದೆರಡು ವಾರದಲ್ಲಿ ಕೈಗೆ ಹತ್ತುತ್ತದೆ. ನಾನು ಮೊದಲ ದಿನ ಕಲಿಸುವುದು ಹೆಸರು ಕೇಳುವುದನ್ನು.

ನಮ್ಮಲ್ಲಿ ಒಂದೇ ಬೆಳಿಗ್ಗೆ ಮೂವರು ಮಂಜುನಾಥರು ಬರುವುದುಂಟು. ಹಾಗಾಗಿ ಹೆಸರಿನ ಜೊತೆ ತಂದೆ ಅಥವಾ ಗಂಡನ ಹೆಸರು, ಊರು, ಮೊಬೈಲ್ ನಂಬರ್ ಕೇಳಿಯೇ ಹಳೆಯ ಫೈಲು ತೆಗೆಯಬೇಕು. ‘ನೀವು ಮಂಜುನಾಥ್ ಅಲ್ಲವೇ?’ ಎಂದು ಕೇಳಬೇಡಿ. ಕಿವಿ ಮಂದವಾದವರು ಯಾವ ಪ್ರಶ್ನೆಗೂ ಹೂಂ ಎನ್ನುತ್ತಾರೆ. ‘ಯಜಮಾನರೇ, ನಿಮ್ಮ ಹೆಸರು ಹೇಳಿ’ ಎನ್ನಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಹಾಗೆ ಹೂಂ ಎಂದ ಒಬ್ಬರ ಕೈಗೆ ಬೇರೊಬ್ಬರ ಸಕ್ಕರೆ ಕಾಯಿಲೆಯ ಫೈಲು ಕೊಟ್ಟು ಒಳಗೆ ಕಳುಹಿಸಿದ್ದೆ. ಔಷಧಿ ಬರೆಯುವ ಮುಂಚೆ ವೈದ್ಯರು ವಯಸ್ಸು ನೋಡಿ ತಡೆದರು. ಆ ದಿನದ ನಡುಕ ಇನ್ನೂ ನೆನಪಿದೆ.

ಮೊಬೈಲ್ ನಂಬರನ್ನು ಬರೆದುಕೊಂಡ ಮೇಲೆ ಅವರಿಗೇ ಓದಿ ಹೇಳಿ. ಹೆಸರು, ವಯಸ್ಸು ಆಧಾರ್‌ನಲ್ಲಿ ಇದ್ದಂತೆಯೇ ಇರಲಿ. ಒಂದು ಇನಿಷಿಯಲ್ ತಪ್ಪಿದರೂ ವಿಮೆಯ ಕಡತ ವಾಪಸ್ ಬಂದು, ಡಿಸ್ಚಾರ್ಜ್ ಆಗಬೇಕಾದವರು ಸಂಜೆಯವರೆಗೆ ಕಾಯುತ್ತಾರೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯನ್ನು ಬಾಯಿಪಾಠ ಮಾಡಿಕೊಳ್ಳಿ: ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆ ಗೊತ್ತು ಮಾಡಿದ ದರದ) ಶೇ. 30, ಗರಿಷ್ಠ 1.5 ಲಕ್ಷ. ಆರೋಗ್ಯ ದಾಖಲೆಗಳನ್ನು ಡಿಜಿಟಲ್ ಆಗಿ ಜೋಡಿಸುವ ಗುರುತಿನ ಸಂಖ್ಯೆಯಾದ ಆಭಾ 14 ಅಂಕಿಯದು. ಅದು ಇದ್ದ ಮಾತ್ರಕ್ಕೆ ಚಿಕಿತ್ಸೆ ಉಚಿತವಾಗುವುದಿಲ್ಲ. ಇದನ್ನು ಬಿಡಿಸಿ ಹೇಳುವ ತಾಳ್ಮೆ ನಮಗೆ ಬೇಕು, ಏಕೆಂದರೆ ಕೌಂಟರ್‌ನ ಆಚೆ ನಿಂತವರು ಜೇಬಿನ ಲೆಕ್ಕ ಹಾಕುತ್ತಿರುತ್ತಾರೆ.

ಇನ್ನು, ಯಾರು ಕಾಯಬಾರದು ಎಂಬುದನ್ನು ಕಣ್ಣಿಗೆ ರೂಢಿ ಮಾಡಿಸಿ. ‘ಗ್ಯಾಸ್ಟ್ರಿಕ್ ಅಷ್ಟೇ, ಎದೆ ಹಿಡಿದಂತಾಗಿದೆ’ ಎನ್ನುವವರ ಹಣೆ ನೋಡಿ. ಫ್ಯಾನ್ ಕೆಳಗೆ ಕುಳಿತೂ ಬೆವರುತ್ತಿದ್ದರೆ ಟೋಕನ್ ಪಕ್ಕಕ್ಕಿಟ್ಟು ಸಿಸ್ಟರ್‌ನ್ನು ಕೂಗಿ. ಮಾತು ತೊದಲುವುದು, ಬಾಯಿ ಒಂದು ಕಡೆಗೆ ವಾಲುವುದು, ಹಾವು ಕಡಿತ, ಮಗುವಿನ ಏದುಸಿರು ಕಂಡರೂ ಹಾಗೆಯೇ. ತುರ್ತು ಚಿಕಿತ್ಸೆ ಕೊಡುವುದು ಸರ್ಕಾರಿ, ಖಾಸಗಿ ಎನ್ನದೆ ಎಲ್ಲ ವೈದ್ಯರ ಕರ್ತವ್ಯವೆಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಹೆಸರು, ಹಣ, ಫಾರಂ ಆಮೇಲೆ ಆಗಲಿ. ಈ ವಿಷಯದಲ್ಲಿ ಹತ್ತು ಸಲ ಸುಮ್ಮನೆ ಗಾಬರಿಪಟ್ಟರೂ ನಾನು ಯಾರನ್ನೂ ಬೈಯುವುದಿಲ್ಲ.

ಕಾಯಿಲೆಯ ಹೆಸರನ್ನು ಹಾಲ್‌ಗೆ ಕೇಳುವಂತೆ ಹೇಳಬೇಡಿ. ಬಸುರಿಯ ಸ್ಕ್ಯಾನ್ ಆದ ಮೇಲೆ ‘ಯಾವ ಮಗು?’ ಎಂದು ಅತ್ತೆ ಮೆಲ್ಲಗೆ ಬಂದು ಕೇಳಿದರೆ, ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯ ಫಲಕ ತೋರಿಸಿ. ಸನ್ನೆಯಲ್ಲೂ ಉತ್ತರ ಬೇಡ.

ವೈದ್ಯರು ಆಪರೇಷನ್‌ನಲ್ಲಿದ್ದರೆ ‘ಈಗ ಬರುತ್ತಾರೆ’ ಎನ್ನುವ ಬದಲು ‘ಹನ್ನೊಂದೂವರೆ ಆಗುತ್ತದೆ, ತಿಂಡಿ ಮುಗಿಸಿ ಬನ್ನಿ’ ಎನ್ನಿ. ಅದಕ್ಕೂ ಮುಂಚೆ, ರಕ್ತ ಪರೀಕ್ಷೆಗೆಂದು ಖಾಲಿ ಹೊಟ್ಟೆಯಲ್ಲಿ ಬಂದಿದ್ದಾರೆಯೇ ಎಂದು ಕೇಳಿ. ಬಂದಿದ್ದರೆ ಮೊದಲು ಲ್ಯಾಬ್‌ಗೆ ಕಳುಹಿಸಿ. ಹಳ್ಳಿಯಿಂದ ಮೊದಲ ಬಸ್ಸಿಗೆ ಬಂದ ಅಜ್ಜಿ ಬುತ್ತಿಯ ಗಂಟನ್ನು ಮಡಿಲಲ್ಲೇ ಇಟ್ಟುಕೊಂಡು ಕುಳಿತಿರುತ್ತಾರೆ.