ಗೋಕರ್ಣದ ಅಡುಗೆಮನೆಯಿಂದ ಬರ್ದಿಯಾಕ್ಕೆ ಹೋದ ದೂರು

ಕುಮಟಾ ಮತ್ತು ಕಾರವಾರದ ನ್ಯಾಯಾಲಯಗಳಲ್ಲಿ ಸಿವಿಲ್ ವಕಾಲತ್ತು ನಡೆಸುವ ನನಗೆ ನೇಪಾಳದ ಶಾಂತಿ ಪ್ರಕ್ರಿಯೆಯ ಸಂಬಂಧ ಬಂದದ್ದು 2016ರ ಬೇಸಿಗೆಯಲ್ಲಿ. ಗೋಕರ್ಣದ ಕುಡ್ಲೆ ಮತ್ತು ಓಂ ಕಡಲತೀರಗಳ ಹೋಟೆಲುಗಳಲ್ಲಿ ನೇಪಾಳದ ಹುಡುಗರು ದುಡಿಯುವುದು ಈ ಭಾಗದವರಿಗೆಲ್ಲ ಗೊತ್ತಿರುವ ಸಂಗತಿ. ನನ್ನ ಕಕ್ಷಿದಾರರಾಗಿದ್ದ ಹೋಟೆಲ್ ಮಾಲೀಕರೊಬ್ಬರು ತಮ್ಮ ಅಡುಗೆಯವನನ್ನು ಕರೆತಂದು, "ಇವನ ಅಣ್ಣ ಕಾಣೆಯಾಗಿ ವರ್ಷಗಳಾದವಂತೆ, ಅಲ್ಲಿಯ ಸರಕಾರ ಈಗ ಅರ್ಜಿ ಕರೆದಿದೆಯಂತೆ, ಏನಾದರೂ ಬರೆದುಕೊಡಿ ವಕೀಲರೇ" ಎಂದರು. ಹುಡುಗ ಬರ್ದಿಯಾ ಜಿಲ್ಲೆಯ ಥಾರೂ ಸಮುದಾಯದವನು. ಮಳೆಗಾಲಕ್ಕೆ ಹೋಟೆಲು ಮುಚ್ಚುವ ಹೊತ್ತಿಗೆ ಊರಿಗೆ ಹೊರಡುವವನಿದ್ದುದರಿಂದ ಕಾಲಾವಕಾಶ ಹೆಚ್ಚಿರಲಿಲ್ಲ.

ಅರ್ಜಿ ಬರೆಯುವ ಮೊದಲು ಆ ಅರ್ಜಿ ಯಾರ ಮುಂದೆ ಹೋಗುತ್ತದೆ ಎಂಬುದನ್ನು ನಾನು ತಿಳಿಯಬೇಕಿತ್ತು. ನೇಪಾಳದಲ್ಲಿ 1996ರಿಂದ 2006ರವರೆಗೆ ಮಾವೋವಾದಿಗಳಿಗೂ ಸರಕಾರಕ್ಕೂ ನಡೆದ ಸಶಸ್ತ್ರ ಸಂಘರ್ಷ 2006ರ ನವೆಂಬರ್ 21ರ ಸಮಗ್ರ ಶಾಂತಿ ಒಪ್ಪಂದದೊಂದಿಗೆ ಮುಗಿಯಿತು. 2008ರಲ್ಲಿ ಸಂವಿಧಾನ ಸಭೆ ಬಂತು, ರಾಜಪ್ರಭುತ್ವ ಹೋಯಿತು. ಕಣ್ಮರೆಯಾದವರ ಮತ್ತು ಸತ್ತವರ ವಿವರವನ್ನು 60 ದಿನಗಳೊಳಗೆ ಬಹಿರಂಗಪಡಿಸುವುದಾಗಿ ಎರಡೂ ಪಕ್ಷಗಳು ಒಪ್ಪಂದದಲ್ಲಿ ಬರೆದುಕೊಟ್ಟಿದ್ದವು. ಕಣ್ಮರೆಯಾದವರ ಬಗ್ಗೆ ತನಿಖೆ ನಡೆಸುವ ಆಯೋಗ ರಚನೆಯಾದದ್ದು ಮಾತ್ರ 2015ರ ಫೆಬ್ರವರಿಯಲ್ಲಿ. ಅದು ದೂರು ಸ್ವೀಕರಿಸತೊಡಗಿದ್ದು 2016ರ ಏಪ್ರಿಲ್‌ನಲ್ಲಿ. ಚುನಾವಣೆ, ಸಂವಿಧಾನ ಸಭೆ, ಗಣರಾಜ್ಯ ಎಲ್ಲವೂ ಬಂದ ಮೇಲೆ ಕಾಣೆಯಾದವರ ಸರದಿ ಬಂತು ಎಂಬುದು ಆ ಸ್ಥಿತ್ಯಂತರದ ಬಗ್ಗೆ ಬಹಳಷ್ಟನ್ನು ಹೇಳುತ್ತದೆ.

ಅರ್ಜಿ ಹಾಕುವುದೇ ಸರಿಯೇ ಎಂಬ ಪ್ರಶ್ನೆಯೂ ಇತ್ತು. ಈ ಆಯೋಗದ ರಚನೆಗೆ ಆಧಾರವಾದ 2014ರ ಕಾಯ್ದೆಯಲ್ಲಿ ಗಂಭೀರ ಅಪರಾಧಗಳಿಗೂ ಕ್ಷಮಾದಾನಕ್ಕೆ ದಾರಿ ಬಿಟ್ಟಿದ್ದರಿಂದ ಸಂತ್ರಸ್ತರ ಸಂಘಟನೆಗಳು ಅದನ್ನು ಪ್ರಶ್ನಿಸಿದ್ದವು, ಮತ್ತು 2015ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಆ ಅಂಶಗಳನ್ನು ತಳ್ಳಿಹಾಕಿತ್ತು. ಸಂಸತ್ತು ಕಾಯ್ದೆಯನ್ನು ಇನ್ನೂ ತಿದ್ದಿರಲಿಲ್ಲ. ನಾನು ಕೊಟ್ಟ ಸಲಹೆ ಇಷ್ಟು: ದೂರು ಕೊಡಿ, ದಾಖಲೆಯಲ್ಲಿ ಹೆಸರಿಲ್ಲದವನನ್ನು ಮುಂದೆ ಯಾರೂ ಹುಡುಕುವುದಿಲ್ಲ, ಆದರೆ ಕೊನೆಯ ಪ್ಯಾರಾದಲ್ಲಿ ಕ್ಷಮಾದಾನಕ್ಕಾಗಲಿ ರಾಜಿಗಾಗಲಿ ಕುಟುಂಬದ ಒಪ್ಪಿಗೆಯಿಲ್ಲವೆಂದು ಸ್ಪಷ್ಟವಾಗಿ ಬರೆಯಿರಿ.

ಹೇಳಿಕೆ ಬರೆಯಲು ಕುಳಿತಾಗ ಮೊದಲು ಎದುರಾದದ್ದು ದಿನಾಂಕದ ತೊಡಕು. ಅಣ್ಣನನ್ನು ಮನೆಯಿಂದ ಒಯ್ದ ಘಟನೆ ವಿಕ್ರಮ ಸಂವತ್ 2058ರಲ್ಲಿ ನಡೆಯಿತೆಂದು ಮಾತ್ರ ಹುಡುಗನಿಗೆ ಗೊತ್ತಿತ್ತು. ಹಬ್ಬದ ಹಿಂದೋ ಮುಂದೋ ಎಂದು ಕೇಳಿದೆ. ಥಾರೂಗಳ ದೊಡ್ಡ ಹಬ್ಬವಾದ ಮಾಘಿ ಮುಗಿದ ವಾರದಲ್ಲಿ, ನೆಂಟರು ಇನ್ನೂ ಮನೆಯಲ್ಲಿದ್ದಾಗ ಎಂದ. ಮಾಘಿ ಬರುವುದು ನಮ್ಮ ಸಂಕ್ರಾಂತಿಯ ದಿನದ ಸುಮಾರಿಗೇ ಆದ್ದರಿಂದ ಘಟನೆ 2002ರ ಜನವರಿಯ ಮೂರನೆಯ ವಾರಕ್ಕೆ ಬಂದು ನಿಂತಿತು. ಅದರ ಕಾನೂನು ಮಹತ್ವ ಸಣ್ಣದಲ್ಲ: 2001ರ ನವೆಂಬರ್ 26ರಂದು ಘೋಷಣೆಯಾದ ತುರ್ತು ಪರಿಸ್ಥಿತಿ ಆಗ ಜಾರಿಯಲ್ಲಿತ್ತು. ಆ ಕಾಲದ ನೇಪಾಳದ ಸಂವಿಧಾನ ತುರ್ತು ಪರಿಸ್ಥಿತಿಯಲ್ಲೂ ಹೇಬಿಯಸ್ ಕಾರ್ಪಸ್ ಹಕ್ಕನ್ನು, ಅಂದರೆ ಬಂಧಿತನನ್ನು ನ್ಯಾಯಾಲಯದ ಮುಂದೆ ತರಿಸುವಂತೆ ಕೋರುವ ಹಕ್ಕನ್ನು, ಅಮಾನತಿನಲ್ಲಿಡಲು ಅವಕಾಶ ಕೊಟ್ಟಿರಲಿಲ್ಲ. (ನಮ್ಮಲ್ಲಿ ತುರ್ತು ಪರಿಸ್ಥಿತಿಯ ಕಾಲದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ 1976ರ ಎ.ಡಿ.ಎಂ. ಜಬಲ್ಪುರ ತೀರ್ಪು ಆ ಬಾಗಿಲನ್ನೇ ಮುಚ್ಚಿತ್ತು ಎಂಬುದನ್ನು ಮರೆತು ನೆರೆಯವರಿಗೆ ಬುದ್ಧಿ ಹೇಳುವ ಹಾಗಿಲ್ಲ.) ಆದರೆ ಬರ್ದಿಯಾದ ಗೇಣಿ ರೈತನ ಮನೆಯವರು ಕಾಠ್ಮಂಡುವಿನ ನ್ಯಾಯಾಲಯಕ್ಕೆ ಹೋಗುವುದೆಂತು?

ಬಳಿಕ ಹಾಳೆಯ ಮೇಲೆ ಎರಡು ಗೆರೆ ಎಳೆದು, ಕಣ್ಣಾರೆ ಕಂಡದ್ದು, ಇನ್ನೊಬ್ಬರಿಂದ ಕೇಳಿದ್ದು, ಊಹಿಸಿದ್ದು ಎಂದು ಬೇರೆ ಬೇರೆಯಾಗಿ ಬರೆಸಿದೆ. ಆಗ ಚಿಕ್ಕವನಾಗಿದ್ದ ಹುಡುಗ ಆ ರಾತ್ರಿ ನಿದ್ದೆಯಲ್ಲಿದ್ದ. ಅವನ ಮೊದಲ ಅಂಕಣ ಬಹುತೇಕ ಖಾಲಿ ಉಳಿಯಿತು. ಊರಿನಲ್ಲಿದ್ದ ಅತ್ತಿಗೆಗೆ ಫೋನ್ ಮಾಡಿಸಿದಾಗ ಆಕೆ ಹೇಳಿದ್ದು ಬೇರೆಯೇ ತೂಕದ ಮಾತುಗಳು: ಬಂದವರು ಸಮವಸ್ತ್ರದಲ್ಲಿದ್ದರು, ಗಂಡನ ಕೈಯನ್ನು ಅವನದೇ ಹೆಗಲವಸ್ತ್ರದಿಂದ ಹಿಂದಕ್ಕೆ ಕಟ್ಟಿದರು, ಚಪ್ಪಲಿ ಹಾಕಿಕೊಳ್ಳಲು ಬಿಡಲಿಲ್ಲ, ವಾಹನ ಹೊಲದಾಚೆ ನಿಂತಿತ್ತು. ಯಾವ ಶಿಬಿರಕ್ಕೆ ಒಯ್ದರೆಂಬುದು ಊರವರ ಮಾತು ಮಾತ್ರವಾದ್ದರಿಂದ ಎರಡನೆಯ ಅಂಕಣಕ್ಕೆ ಸೇರಿತು. ದೂರುದಾರಳು ಅತ್ತಿಗೆಯೇ ಆಗಬೇಕು, ಹುಡುಗ ಕಾಗದ ಒಯ್ಯುವವನು ಮಾತ್ರ ಎಂದು ಅಲ್ಲಿಗೇ ನಿರ್ಧಾರವಾಯಿತು. ನಾನು ಹಿಂದಿಯಲ್ಲಿ ಕರಡು ಮಾಡಿದೆ; ನೇಪಾಳಿಯಲ್ಲಿ ಬರೆಯಲು ಬಲ್ಲ ಅವನ ಜೊತೆಗಾರನೊಬ್ಬ ಪ್ರತಿ ತೆಗೆದ.

ಅತ್ತಿಗೆಗೆ ಇದ್ದ ಅಳುಕು ನನಗೆ ಹೊಸದಲ್ಲ. ಗಂಡ ಸತ್ತನೆಂದು ಬರೆದುಕೊಟ್ಟರೆ ಜಮೀನು ತನ್ನ ಹೆಸರಿಗೆ ಬರಬಹುದು, ಆದರೆ ಹಾಗೆ ಬರೆಯಲು ಮನಸ್ಸು ಒಪ್ಪುವುದಿಲ್ಲ. ನಮ್ಮ ಕರಾವಳಿಯಲ್ಲಿ ಕಡಲಿಗೆ ಹೋಗಿ ಬಾರದವರ ಮನೆಗಳಲ್ಲಿ ಇದೇ ಸಂಕಟವಿದೆ. ಏಳು ವರ್ಷ ಸುದ್ದಿಯಿಲ್ಲದಿದ್ದರೆ ಸತ್ತನೆಂದು ಭಾವಿಸುವ ಸಾಕ್ಷ್ಯ ಕಾನೂನಿನ ನಿಯಮ ಆ ಮನೆಗಳಿಗೆ ಒಮ್ಮೊಮ್ಮೆ ಆಸರೆ, ಒಮ್ಮೊಮ್ಮೆ ಬರೆ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ದೋಣಿ ಏಳು ಮಂದಿಯೊಂದಿಗೆ ಕಣ್ಮರೆಯಾದಾಗ, ಅವರಲ್ಲಿ ನಮ್ಮ ಜಿಲ್ಲೆಯವರೂ ಇದ್ದುದರಿಂದ, ಬಾರ್ ರೂಮಿನಲ್ಲಿ ನಾವು ಚರ್ಚಿಸಿದ್ದು ಇದನ್ನೇ. ನೌಕಾಪಡೆ ಮುಂದಿನ ಮೇ ತಿಂಗಳಲ್ಲಿ ಮಾಲ್ವಣದ ಬಳಿ ದೋಣಿಯ ಅವಶೇಷ ಪತ್ತೆಹಚ್ಚಿತು. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಕಡಲಿನ ಬಳಿ ವಹಿಯಿಲ್ಲ; ಬಂಧಿಸಿ ಒಯ್ದವರ ಬಳಿ ವಹಿ ಇರಲೇಬೇಕು. ಆದ್ದರಿಂದಲೇ ದೂರಿನ ಬೇಡಿಕೆಗಳಲ್ಲಿ ಪರಿಹಾರಕ್ಕಿಂತ ಮೊದಲು ಆ ತಿಂಗಳ ಬಂಧಿತರ ದಾಖಲೆ ಮತ್ತು ಗಸ್ತಿನ ದಾಖಲೆಯನ್ನು ತರಿಸಬೇಕೆಂದು ಬರೆಸಿದೆ.

ದೂರು, ಆಯೋಗದ ಪರವಾಗಿ ದೂರು ಸ್ವೀಕರಿಸುತ್ತಿದ್ದ ಜಿಲ್ಲೆಯ ಸ್ಥಳೀಯ ಶಾಂತಿ ಸಮಿತಿಯಲ್ಲಿ ದಾಖಲಾಯಿತು. ನೋಂದಣಿ ಸಂಖ್ಯೆಯಿದ್ದ ಸ್ವೀಕೃತಿಯ ನಕಲನ್ನು ಹುಡುಗ ಅಕ್ಟೋಬರಿನಲ್ಲಿ ಮರಳುವಾಗ ತಂದುಕೊಟ್ಟ. ಆಮೇಲೆ ಆದದ್ದು ಕಡಿಮೆ. 2022ರಲ್ಲಿ ಆಯೋಗದ ಸದಸ್ಯರ ಅವಧಿ ಮುಗಿದು ಕುರ್ಚಿಗಳು ಖಾಲಿ ಬಿದ್ದವು. 2024ರ ಆಗಸ್ಟ್‌ನಲ್ಲಿ ಕಾಯ್ದೆ ಕೊನೆಗೂ ತಿದ್ದುಪಡಿಯಾಗಿ, ಬಲವಂತದ ಕಣ್ಮರೆಯನ್ನು ಗಂಭೀರ ಉಲ್ಲಂಘನೆಗಳ ಪಟ್ಟಿಯಲ್ಲಿ ಸೇರಿಸಿತು.

ಆಗ ಹುಡುಗ, ಈಗ ಅವನೇ ಒಂದು ಅಡುಗೆಮನೆಯ ಮೇಲ್ವಿಚಾರಕ, ಹೊಸದಾಗಿ ಬರೆದುಕೊಡಲೇ ಎಂದು ಕೇಳಿದ. ಬೇಡವೆಂದೆ. ಎರಡು ಹೇಳಿಕೆಗಳಿದ್ದರೆ ಎದುರಿನವರು ಮೊದಲು ಹುಡುಕುವುದು ಅವೆರಡರ ನಡುವಿನ ಅಂತರವನ್ನು. ಹಳೆಯ ನೋಂದಣಿ ಸಂಖ್ಯೆ ಹಾಕಿ ಪೂರಕ ಪತ್ರ ಮಾತ್ರ ಕೊಡುವಂತೆಯೂ, ವಯಸ್ಸಾದ ತಾಯಿಯ ಹೇಳಿಕೆಯನ್ನು ಇಬ್ಬರು ಸಾಕ್ಷಿಗಳ ಎದುರು ಬೇಗ ಬರೆಸಿಕೊಂಡು ಅದಕ್ಕೆ ಲಗತ್ತಿಸುವಂತೆಯೂ ಹೇಳಿ ಕಳುಹಿಸಿದೆ.